ಹವಳದ ವೇಷ, ಬಿಸಿಲಿನ ಊಟ: ಕಡಲ ಬಸವನಹುಳುಗಳನ್ನು ಗುರುತಿಸಿದ ಕಥೆ

ನೀವು ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಂಥ ಊರಿನಲ್ಲಿ ಜೀವಶಾಸ್ತ್ರದ ಶಿಕ್ಷಕರು ಎಂದುಕೊಳ್ಳಿ. ಮೃದ್ವಂಗಿಗಳ ಪಾಠ ಬಂದಿದೆ. ಬಸವನಹುಳುವನ್ನು ತೋರಿಸುವುದು ಕಷ್ಟವಲ್ಲ. ಮಳೆಗಾಲದಲ್ಲಿ ಕಬ್ಬಿನ ಗದ್ದೆಯ ಬದುವಿನಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಈ ವರ್ಗದ ಪ್ರಾಣಿಗಳಲ್ಲಿ ಬಹುಪಾಲು ಇರುವುದು ಸಮುದ್ರದಲ್ಲಿ. ಸಮುದ್ರವೋ ಘಟ್ಟದಾಚೆ. ಮಕ್ಕಳು ಕಂಡಿರುವ ದೊಡ್ಡ ನೀರೆಂದರೆ ಕೃಷ್ಣಾ ಹೊಳೆ ಮಾತ್ರ.

ಆ ಹೊಳೆಯ ನೀರು ಪೂರ್ವಕ್ಕೆ ಹರಿದು ಆಂಧ್ರದ ಕರಾವಳಿಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಈ ಲೇಖನದ ಒಬ್ಬ ಮುಖ್ಯ ವ್ಯಕ್ತಿ ನಡೆದದ್ದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ: ಮೊದಲು ಧಾರವಾಡ, ಕಿತ್ತೂರು ಸೀಮೆ, ಆಮೇಲೆ ಕೊಲ್ಲಿಯ ದಂಡೆ. ಅವನ ವಿಷಯಕ್ಕೆ ಬರುವ ಮುನ್ನ ಪ್ರಾಣಿಯನ್ನು ನೋಡೋಣ.

ಚಿಪ್ಪನ್ನು ಕಳೆದುಕೊಂಡ ಸಮುದ್ರದ ಬಸವನಹುಳುಗಳಲ್ಲಿ ಒಂದು ದೊಡ್ಡ ಗುಂಪು ನುಡಿಬ್ರಾಂಕ್‌ಗಳದು. ನುಡಿಬ್ರಾಂಕ್ ಎಂದರೆ ಬತ್ತಲೆ ಕಿವಿರಿನದು ಎಂದರ್ಥ. ಇವುಗಳಲ್ಲಿ ಹಲವು ಕಣ್ಣು ಕುಕ್ಕುವ ಬಣ್ಣದವು. ಆದರೆ ಫಿಲೊಡೆಸ್ಮಿಯಂ ಎಂಬ ಕುಲದ ಪ್ರಾಣಿಗಳ ರೀತಿ ಬೇರೆ. ಇವು ಮೃದು ಹವಳಗಳ ಮೇಲೆ ವಾಸಿಸಿ ಅವನ್ನೇ ತಿನ್ನುತ್ತವೆ, ನೋಡಲೂ ಆ ಹವಳದಂತೆಯೇ ಇರುತ್ತವೆ. ಬೆನ್ನಿನ ತುಂಬ ಬೆರಳಿನಂಥ ಚಾಚುಗಳಿವೆ. ಇವುಗಳಿಗೆ ಸೆರಾಟಾ ಎಂದು ಹೆಸರು. ಕೆಲವು ಪ್ರಭೇದಗಳಲ್ಲಿ ಸೆರಾಟಾ ಹವಳದ ಪಾಲಿಪ್‌ಗಳನ್ನು ಎಷ್ಟು ಹೋಲುತ್ತವೆ ಎಂದರೆ ಪಕ್ಕದಲ್ಲೇ ಇರುವ ಮುಳುಗುಗಾರ ಕೂಡ ಗಮನಿಸದೆ ಮುಂದೆ ಹೋಗಬಹುದು. ಅನೇಕ ಪ್ರಭೇದಗಳು ಹವಳದೊಳಗಿನ ಸೂಕ್ಷ್ಮ ಪಾಚಿಗಳನ್ನು ಜೀರ್ಣಿಸದೆ ತಮ್ಮ ದೇಹದೊಳಗೇ ಜೀವಂತವಾಗಿ ಇಟ್ಟುಕೊಳ್ಳುತ್ತವೆ. ಆ ಪಾಚಿಗಳು ಬಿಸಿಲಿನಲ್ಲಿ ತಯಾರಿಸುವ ಆಹಾರದಲ್ಲಿ ಪಾಲು ಪಡೆಯುತ್ತವೆ. ‘ಸೌರಶಕ್ತಿಯ ಬಸವನಹುಳು’ ಎಂಬ ಹೆಸರು ಬಂದದ್ದು ಇದರಿಂದ.

ಇಂಥ ಪ್ರಾಣಿಯನ್ನು ಗುರುತಿಸುವುದು ಹೇಗೆ? ಕಂಡುಹಿಡಿಯುವುದೇ ಕಷ್ಟ. ಕಂಡರೆ ಹೆಸರು ಹೇಳುವುದು ಇನ್ನೂ ಕಷ್ಟ. ಹೆಸರು ಹೇಳಿದ ಮೇಲೆ ಅದು ನಿಜಕ್ಕೂ ಬಿಸಿಲು ಉಣ್ಣುತ್ತದೆಯೇ ಎಂದು ತೋರಿಸುವುದು ಮತ್ತೊಂದು ಕೆಲಸ. ಈ ಮೂರಕ್ಕೂ ಸೇರಿ ಸುಮಾರು ಇನ್ನೂರು ವರ್ಷ ಹಿಡಿಯಿತು.

ಕಿತ್ತೂರಿನ ಸೆರೆಯಾಳು, ವಾಲ್ಟೇರಿನ ಸಂಗ್ರಾಹಕ

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ನಡೆದ ಕಾಳಗ ನಿಮಗೆ ಗೊತ್ತಿದೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿ ಸತ್ತ. ಅವನ ಇಬ್ಬರು ಸಹಾಯಕರು ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕರು. ಅವರಲ್ಲೊಬ್ಬ ಸ್ಟೀವನ್‌ಸನ್, ಇನ್ನೊಬ್ಬ ಇಪ್ಪತ್ತೊಂದು ವರ್ಷದ ವಾಲ್ಟರ್ ಎಲಿಯಟ್. ಆ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆ ಪಡೆದ ಎಲಿಯಟ್ 1833ರವರೆಗೆ ಈ ಸೀಮೆಯಲ್ಲೇ ಇದ್ದ. ಕನ್ನಡ ಶಾಸನಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿದವನು ಇವನೇ. ಧಾರವಾಡದ ಕನ್ನಡ ಶಾಲೆಗಳ ಆರಂಭದ ಕಥೆಯಲ್ಲೂ ಇವನ ಹೆಸರು ಬರುತ್ತದೆ. ಇತಿಹಾಸದ ಪಾಠದಲ್ಲಿ ಇಷ್ಟಕ್ಕೆ ನಿಲ್ಲಿಸುತ್ತೇವೆ. ವಿಜ್ಞಾನದ ಪಾಠದಲ್ಲಿ ಅವನನ್ನು ನೆನೆಯುವವರು ಕಡಿಮೆ.

1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಎಲಿಯಟ್ ದಕ್ಷಿಣ ಮರಾಠಾ ಸೀಮೆಯ ಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದ. ದಕ್ಷಿಣ ಮರಾಠಾ ಸೀಮೆ ಎಂದರೆ ಅಂದಿನ ಲೆಕ್ಕದಲ್ಲಿ ಇಂದಿನ ಬೆಳಗಾವಿ, ಧಾರವಾಡಗಳ ಸುತ್ತಿನ ಪ್ರದೇಶ. ಪ್ರಾಣಿಗಳ ಸ್ಥಳೀಯ ಹೆಸರುಗಳನ್ನೂ ಅವನು ಬಿಡದೆ ಬರೆದುಕೊಂಡ. ಧಾರವಾಡದಿಂದ ಹೋದ ಒಂದು ಪೊದೆ ಇಲಿಗೆ 1837ರಲ್ಲೇ ಗ್ರೇ ಎಂಬ ವಿಜ್ಞಾನಿ ಗೊಲುಂಡ ಎಲಿಯಟಿ ಎಂದು ಹೆಸರಿಟ್ಟಿದ್ದ. ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಪಾರಿವಾಳದ ಚರ್ಮಗಳನ್ನು ಕಳುಹಿಸಿದ್ದಕ್ಕಾಗಿ ನೆನೆದಿರುವ ಭಾರತದ ಎಲಿಯಟ್ ಕೂಡ ಇವನೇ.

1845ರಿಂದ 1854ರವರೆಗೆ ಎಲಿಯಟ್ ಉತ್ತರ ಸರ್ಕಾರ್‌ಗಳೆಂಬ ಕರಾವಳಿ ಜಿಲ್ಲೆಗಳ ಕಮಿಷನರ್ ಆಗಿದ್ದ. ಕೃಷ್ಣೆ ಸಮುದ್ರ ಸೇರುವ ಪ್ರದೇಶ ಅದರೊಳಗೇ ಬರುತ್ತಿತ್ತು. ವಿಶಾಖಪಟ್ಟಣದ ಪಕ್ಕದ ವಾಲ್ಟೇರಿನಲ್ಲಿ ಅವನು ನುಡಿಬ್ರಾಂಕ್‌ಗಳನ್ನು ಸಂಗ್ರಹಿಸಿದ. ಸ್ಪಿರಿಟ್‌ನಲ್ಲಿ ಹಾಕಿಟ್ಟದ್ದಷ್ಟೇ ಅಲ್ಲ, ಸ್ಥಳೀಯ ಚಿತ್ರಕಾರರಿಂದ ಬಣ್ಣದ ಚಿತ್ರಗಳನ್ನು ಬರೆಸಿದ. ಈ ಎರಡನೆಯ ಕೆಲಸವೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಬಸವನಹುಳುವಿನ ಚಿಪ್ಪು ನೂರು ವರ್ಷ ಇಟ್ಟರೂ ಹಾಗೇ ಇರುತ್ತದೆ. ಚಿಪ್ಪಿಲ್ಲದ ಪ್ರಾಣಿಯ ಗತಿ ಹಾಗಲ್ಲ. ಸ್ಪಿರಿಟ್‌ಗೆ ಹಾಕಿದರೆ ಬಣ್ಣ ಹೋಗುತ್ತದೆ, ದೇಹ ಮುದುಡುತ್ತದೆ. ಫಿಲೊಡೆಸ್ಮಿಯಂನಂಥವು ಗಾಬರಿಯಾದಾಗ ಸೆರಾಟಾಗಳನ್ನೇ ಉದುರಿಸಿಬಿಡುತ್ತವೆ, ಹಲ್ಲಿ ಬಾಲ ಬಿಟ್ಟಂತೆ. ಕೊನೆಗೆ ಸೀಸೆಯಲ್ಲಿ ಉಳಿಯುವುದು ಬಿಳಿಚಿದ ಒಂದು ಮಾಂಸದ ತುಣುಕು, ತಳದಲ್ಲಿ ಒಂದಷ್ಟು ಉದುರಿದ ಬೆರಳುಗಳು. ಜೀವಂತ ಪ್ರಾಣಿಯ ಎದುರು ಕುಳಿತು ಬರೆದ ಚಿತ್ರವಿಲ್ಲದಿದ್ದರೆ ಅದು ಹೇಗಿತ್ತು ಎಂದು ಹೇಳುವವರು ಯಾರು?

ಎಲಿಯಟ್‌ನ ಸಂಗ್ರಹ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾಂಕಾಕ್ ಅವರ ಕೈ ಸೇರಿತು. ಬ್ರಿಟನ್ನಿನ ನುಡಿಬ್ರಾಂಕ್‌ಗಳ ಬಗ್ಗೆ ಅವರು 1845ರಿಂದ 1855ರವರೆಗೆ ಕಂತುಗಳಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಹೆಸರಾದುದು. 1864ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಈ ಭಾರತೀಯ ಸಂಗ್ರಹದ ವಿವರಗಳು ಬಂದವು. ಹೊಸ ಕುಲವೊಂದಕ್ಕೆ ಅವರು ಇಟ್ಟ ಹೆಸರು ‘ಕಳಿಂಗ’. ಕಳಿಂಗ ಆರ್ನಾಟಾ ಎಂಬ ಆ ಪ್ರಾಣಿ ಇಂದಿಗೂ ಅದೇ ಹೆಸರಿನಲ್ಲಿದೆ. ಅಶೋಕನ ಯುದ್ಧದಿಂದ ನಮಗೆ ಪರಿಚಿತವಾದ ಒಂದು ನಾಡಿನ ಹೆಸರು ಚಿಪ್ಪಿಲ್ಲದ ಹುಳುವಿಗೆ ಅಂಟಿಕೊಂಡಿರುವುದನ್ನು ಮಕ್ಕಳಿಗೆ ಹೇಳಿ ನೋಡಿ, ಮರೆಯುವುದಿಲ್ಲ. ಲೇಖನದ ಶೀರ್ಷಿಕೆಯಲ್ಲಿ ಎಲಿಯಟ್‌ನ ಹೆಸರಿದೆ. ಚಿತ್ರ ಬರೆದವರ ಹೆಸರಿಲ್ಲ. ಆಲ್ಡರ್ ಮತ್ತು ಹ್ಯಾಂಕಾಕ್ ಈ ಕಡಲ ಪ್ರಾಣಿಗಳನ್ನು ಜೀವಂತವಾಗಿ ನೋಡಿದವರಲ್ಲ, ನೋಡಿದ್ದು ಆ ಚಿತ್ರಕಾರರು.

ಇದೇ ಕಾಲದಲ್ಲಿ ಸಿಂಹಳದಲ್ಲಿ ಎಡ್ವರ್ಡ್ ಫ್ರೆಡರಿಕ್ ಕೆಲಾರ್ಟ್ ಎಂಬ ವೈದ್ಯ ಟ್ರಿಂಕೋಮಲಿಯ ನುಡಿಬ್ರಾಂಕ್‌ಗಳನ್ನು ವಿವರಿಸಿದ (1858, 1859). 1860ರಲ್ಲಿ ಇಂಗ್ಲೆಂಡಿಗೆ ಹೋಗುವಾಗ ಹಡಗಿನಲ್ಲೇ ತೀರಿಕೊಂಡ. ಅವನೂ ಚಿತ್ರಗಳನ್ನು ಬಿಟ್ಟುಹೋಗಿದ್ದ. ಸುಮಾರು ಅರ್ಧ ಶತಮಾನದ ಮೇಲೆ, 1906ರಲ್ಲಿ, ಕೆಲಾರ್ಟ್‌ನ ಚಿತ್ರಗಳನ್ನೂ ನ್ಯೂಕ್ಯಾಸಲ್‌ನ ಹ್ಯಾಂಕಾಕ್ ವಸ್ತುಸಂಗ್ರಹಾಲಯದಲ್ಲಿದ್ದ ಹಳೆಯ ಸೀಸೆಗಳನ್ನೂ ಎದುರಿಗಿಟ್ಟುಕೊಂಡು ದಕ್ಷಿಣ ಭಾರತ, ಸಿಂಹಳಗಳ ನುಡಿಬ್ರಾಂಕ್‌ಗಳನ್ನು ಮತ್ತೆ ಗುರುತಿಸಿದವನು ಸರ್ ಚಾರ್ಲ್ಸ್ ಎಲಿಯಟ್. ಇವನು ಬೇರೆ ಎಲಿಯಟ್, ಗಮನಿಸಿ! ವೃತ್ತಿಯಿಂದ ರಾಜತಾಂತ್ರಿಕ, ಮುಂದೆ ಜಪಾನಿನಲ್ಲಿ ಬ್ರಿಟನ್ನಿನ ರಾಯಭಾರಿಯಾದವನು, ಹಿಂದೂ ಮತ್ತು ಬೌದ್ಧ ಧರ್ಮಗಳ ಮೇಲೆ ದೊಡ್ಡ ಗ್ರಂಥ ಬರೆದವನು. ಇಬ್ಬರೂ ಸರ್, ಇಬ್ಬರಿಗೂ ನುಡಿಬ್ರಾಂಕ್‌ಗಳ ನಂಟು. ಪ್ರಾಣಿಯ ಹೆಸರಿನ ಮುಂದೆ ಹೆಸರಿಟ್ಟವನಾಗಿ ಎಲಿಯಟ್ ಎಂದು ಬಂದರೆ ಅದು ಸಾಮಾನ್ಯವಾಗಿ ಚಾರ್ಲ್ಸ್. ಪ್ರಾಣಿಯ ಹೆಸರೇ ಎಲಿಯಟಿ ಎಂದಿದ್ದರೆ ವಾಲ್ಟರ್ ಇರಬಹುದೇ ಎಂದು ಪರಿಶೀಲಿಸಿ. ಗುರುತಿನ ಗೊಂದಲ ಪ್ರಾಣಿಗಳಿಗಷ್ಟೇ ಸೀಮಿತವಲ್ಲ.

ಕಣ್ಣಿಗೆ ಬೀಳದವು

ವೇಷಧಾರಿ ಫಿಲೊಡೆಸ್ಮಿಯಂಗೆ ವಿಜ್ಞಾನದಲ್ಲಿ ಹೆಸರು ಬಂದದ್ದು ಇವೆಲ್ಲಕ್ಕಿಂತ ಮೊದಲು. ಹೆಂಪ್ರಿಖ್ ಮತ್ತು ಎರೆನ್‌ಬರ್ಗ್ ಎಂಬ ಇಬ್ಬರು ಜರ್ಮನರು 1820ರಿಂದ 1825ರವರೆಗೆ ಈಜಿಪ್ಟ್, ಕೆಂಪು ಸಮುದ್ರಗಳ ಕಡೆ ಸಂಚರಿಸಿದರು. ಹೆಂಪ್ರಿಖ್ ಅಲ್ಲೇ ಜ್ವರದಿಂದ ಸತ್ತ. ಉಳಿದು ಬಂದ ಎರೆನ್‌ಬರ್ಗ್ 1831ರಲ್ಲಿ ಕೆಂಪು ಸಮುದ್ರದ ಒಂದು ಪ್ರಾಣಿಗೆ ಫಿಲೊಡೆಸ್ಮಿಯಂ ಹಯಲಿನಂ ಎಂದು ಹೆಸರಿಟ್ಟ. ಹಯಲಿನಂ ಎಂದರೆ ಗಾಜಿನಂತೆ ಪಾರದರ್ಶಕವಾದುದು.

ಆಮೇಲಿನ ದೀರ್ಘ ಕಾಲ ಸೀಸೆಗಳ ಕಾಲವೇ. ಕೋಪನ್‌ಹೇಗನ್ನಿನ ವೈದ್ಯ ರುಡಾಲ್ಫ್ ಬರ್ಗ್ ತನ್ನ ಜೀವಮಾನದಲ್ಲಿ ಅಪಾರ ಸಂಖ್ಯೆಯ ನುಡಿಬ್ರಾಂಕ್‌ಗಳನ್ನು ಕೊಯ್ದು ನೋಡಿದವನು. ಇಂದು ನಾವು ಫಿಲೊಡೆಸ್ಮಿಯಂ ಬ್ರಯಾರಿಯಂ ಎನ್ನುವುದನ್ನು ಅವನು 1896ರಲ್ಲಿ ವಿವರಿಸಿದ. ಡಚ್ಚರ ಸಿಬೋಗಾ ನೌಕಾಯಾನದ (1899–1900) ಸಂಗ್ರಹದಿಂದ ಫಿಲೊಡೆಸ್ಮಿಯಂ ಲಾಂಗಿಸಿರಂ ಎಂಬುದನ್ನು 1905ರಲ್ಲಿ ವಿವರಿಸಿದ. ಆದರೆ ಇವೆರಡನ್ನೂ ಅವನು ಫಿಲೊಡೆಸ್ಮಿಯಂ ಎಂದು ಗುರುತಿಸಲಿಲ್ಲ. ಬೇರೆ ಬೇರೆ ಕುಲಗಳಲ್ಲಿಟ್ಟ. ಅದಕ್ಕಾಗಿ ಅವನನ್ನು ದೂರುವಂತಿಲ್ಲ. ಅವನ ಮುಂದಿದ್ದದ್ದು ಹಲ್ಲು ಮತ್ತು ದವಡೆ. ಪ್ರಾಣಿ ಯಾವ ಹವಳದ ಮೇಲಿತ್ತು, ಯಾವ ಬಣ್ಣದ್ದಾಗಿತ್ತು, ಹೇಗೆ ಕುಳಿತಿತ್ತು ಎಂಬುದನ್ನು ಸೀಸೆ ಹೇಳುವುದಿಲ್ಲ.

ವಾಲ್ಟೇರಿನ ಚಿತ್ರಗಳಿಂದ ಹೆಸರಾದದ್ದು ಬಲೆಗೆ, ದಂಡೆಗೆ ಬರುವಂಥ ಕಳಿಂಗ. ಹವಳದ ಮೇಲೆ ಹವಳವಾಗಿಯೇ ಕುಳಿತಿರುವ ಪ್ರಾಣಿಯನ್ನು ಕಾಣಬೇಕಾದರೆ ಮನುಷ್ಯ ಅದರ ಬಳಿಗೆ ಹೋಗಿ ಸಾವಕಾಶವಾಗಿ ನೋಡಬೇಕು. 1943ರಲ್ಲಿ ಕುಸ್ಟೊ ಮತ್ತು ಗಾನ್ಯಾಂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸಲಕರಣೆಯನ್ನು ಸಿದ್ಧಪಡಿಸಿದ ಮೇಲೆಯೇ ಅದು ಸಾಧ್ಯವಾಯಿತು.

ಹೊಸ ರೀತಿಯ ಗುರುತಿನ ಕೆಲಸದಲ್ಲಿ ಮುಖ್ಯ ಹೆಸರು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನ ವಿಲಿಯಂ ರಡ್ಮನ್ ಅವರದು. 1981 ಮತ್ತು 1991ರ ಎರಡು ದೀರ್ಘ ಲೇಖನಗಳಲ್ಲಿ ಅವರು ಚದುರಿಹೋಗಿದ್ದ ಈ ಪ್ರಾಣಿಗಳನ್ನು ಒಂದೇ ಕುಲದಡಿ ತಂದರು. ಅವರು ನೋಡಿದ ಲಕ್ಷಣಗಳು ಮುಖ್ಯವಾಗಿ ನಾಲ್ಕು: ಸೆರಾಟಾಗಳ ಆಕಾರ, ಅವುಗಳೊಳಗೆ ಜೀರ್ಣಗ್ರಂಥಿ ಕವಲೊಡೆಯುವ ರೀತಿ, ನಾಲಗೆಯ ಮೇಲಿನ ಹಲ್ಲಿನ ಪಟ್ಟಿ, ತಿನ್ನುವ ಹವಳ. ಇವುಗಳಲ್ಲಿ ಕೊನೆಯದನ್ನು ಹಿಂದಿನವರು ಬರೆದಿಡುತ್ತಲೇ ಇರಲಿಲ್ಲ.

ಇನ್ನೊಂದು ವಿಶೇಷವೂ ಇದೆ. ಸೆರಾಟಾ ಇರುವ ಇತರ ನುಡಿಬ್ರಾಂಕ್‌ಗಳು ತಾವು ತಿಂದ ಪ್ರಾಣಿಯ ಕುಟುಕುಕಣಗಳನ್ನು ಸೆರಾಟಾಗಳ ತುದಿಯಲ್ಲಿ ಶೇಖರಿಸಿ ತಮ್ಮ ರಕ್ಷಣೆಗೆ ಬಳಸುತ್ತವೆ. ಫಿಲೊಡೆಸ್ಮಿಯಂಗೆ ಆ ಆಯುಧವಿಲ್ಲ. ಮೃದು ಹವಳದಿಂದ ಪಡೆದ ಕಹಿ ರಾಸಾಯನಿಕಗಳು, ಉದುರುವ ಸೆರಾಟಾ ಮತ್ತು ವೇಷ, ಇವೇ ಅದರ ರಕ್ಷಣೆ.

ಈಗ ಜೀರ್ಣಗ್ರಂಥಿಯ ಮಾತು. ಫಿಲೊಡೆಸ್ಮಿಯಂ ಪೊಯಿಂಡಿಮಿಯೈ ಎಂಬ ಪ್ರಭೇದ ತಿನ್ನುವುದು ಕ್ಯಾರಿಜೋವಾ ಎಂಬ ಹವಳವನ್ನು. ಆ ಹವಳದಲ್ಲಿ ಪಾಚಿಗಳಿಲ್ಲ, ಹುಳುವಿನಲ್ಲೂ ಇಲ್ಲ. ಅದರ ಸೆರಾಟಾದೊಳಗೆ ಜೀರ್ಣಗ್ರಂಥಿ ಸರಳವಾದ ಕೊಳವೆ. ಪಾಚಿ ಸಾಕುವ ಪ್ರಭೇದಗಳಲ್ಲಿ ಆ ಕೊಳವೆ ಕವಲಾಗಿ, ಕವಲು ಮತ್ತೆ ಕವಲಾಗಿ ಚರ್ಮದಡಿಯವರೆಗೆ ಬೇರುಗಳಂತೆ ಹರಡುತ್ತದೆ. ಲಾಂಗಿಸಿರಂನಲ್ಲಿ ಸೆರಾಟಾಗಳೇ ಅಗಲವಾಗಿ ಚಪ್ಪಟೆಯಾಗಿವೆ, ಮೇಲೆ ಕಂದು ಮಚ್ಚೆಗಳಿವೆ. ಆ ಮಚ್ಚೆಗಳೇ ಪಾಚಿಯ ತೋಟ. ಎಲೆಯ ಸಿರಾಜಾಲವನ್ನು ಕಲಿಸುವಾಗ ಇದರ ಚಿತ್ರವನ್ನು ಪಕ್ಕದಲ್ಲಿಡಬಹುದು. ಬೆಳಕಿಗೆ ಹೆಚ್ಚು ಮೇಲ್ಮೈ ಒಡ್ಡಬೇಕೆಂಬ ಒಂದೇ ಅಗತ್ಯ ಎಲೆಯನ್ನೂ ಹುಳುವಿನ ಬೆನ್ನನ್ನೂ ಒಂದೇ ಬಗೆಯಲ್ಲಿ ರೂಪಿಸಿದೆ.

ಬಣ್ಣ ಮೊದಲೋ, ಊಟ ಮೊದಲೋ? ಕಂದು ಪಾಚಿ ದೇಹದಲ್ಲಿ ಸ್ವಲ್ಪ ಕಾಲ ಉಳಿದರೂ ಹುಳುವಿಗೆ ಹವಳದ ಬಣ್ಣ ಬರುತ್ತದೆ, ಮೀನಿನ ಕಣ್ಣಿಂದ ಪಾರಾಗುತ್ತದೆ. ಆಹಾರದ ಲಾಭ ಆಮೇಲೆ ಸೇರಿರಬಹುದು. ನನಗೆ ಈ ಕ್ರಮವೇ ಸಹಜವೆನಿಸುತ್ತದೆ. ಆದರೆ ಎರಡೂ ಕೈಕೈ ಹಿಡಿದು ಬೆಳೆದಿರಲೂ ಸಾಧ್ಯ.

2004ರಲ್ಲಿ ಬುರ್ಗಾರ್ಟ್ ಮತ್ತು ವೇಗೆಲೆ ಇಂಡೊನೇಷ್ಯಾದ ಫಿಲೊಡೆಸ್ಮಿಯಂ ಜೇಕಬ್‌ಸೆನೇಯನ್ನು, 2006ರಲ್ಲಿ ಬುರ್ಗಾರ್ಟ್ ಮತ್ತು ಗಾಸ್ಲಿನರ್ ಫಿಲೊಡೆಸ್ಮಿಯಂ ರಡ್ಮನಿಯನ್ನು ವಿವರಿಸಿದರು. ಎರಡೂ ಕ್ಸೀನಿಯ ಜಾತಿಯ ಮೃದು ಹವಳಗಳ ಪಾಲಿಪ್‌ಗಳನ್ನು ಹೋಲುವ ಸೆರಾಟಾ ಉಳ್ಳವು. ಎರಡನೆಯ ಹೆಸರು ಯಾರ ಗೌರವಕ್ಕೆ ಎಂದು ಹೇಳಬೇಕಾಗಿಲ್ಲ.

ಬಿಸಿಲು ಉಣ್ಣುವುದನ್ನು ಅಳೆದದ್ದು

ಹವಳದೊಳಗಿನ ಹಳದಿಕಂದು ಕಣಗಳಿಗೆ ಜೂಕ್ಸಾಂತೆಲ್ಲ ಎಂಬ ಹೆಸರು ಬಂದದ್ದು 1881ರಲ್ಲಿ, ಕಾರ್ಲ್ ಬ್ರಾಂಟ್‌ನಿಂದ. 1962ರಲ್ಲಿ ಫ್ರಾಯ್ಡೆಂತಾಲ್ ಅದನ್ನು ಸಿಂಬಯೋಡಿನಿಯಂ ಎಂದು ವಿವರಿಸಿದರು. 2018ರಲ್ಲಿ ಆ ಒಂದು ಕುಲವನ್ನು ಹಲವು ಕುಲಗಳಾಗಿ ಒಡೆಯಲಾಯಿತು. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ ಬರುವ ಪಾಚಿಯ ಹೆಸರನ್ನು ಹಾಗೇ ನಂಬುವಂತಿಲ್ಲ.

ದೇಹದಲ್ಲಿ ಪಾಚಿ ಇದ್ದ ಮಾತ್ರಕ್ಕೆ ಅದು ಉಪಯೋಗಕ್ಕೆ ಬರುತ್ತಿದೆ ಎನ್ನಲಾಗದು. ಈಗಷ್ಟೇ ತಿಂದ ಊಟವೂ ಇರಬಹುದು. 1986ರಲ್ಲಿ ಆಸ್ಟ್ರೇಲಿಯದ ಹೋಗ್-ಗುಲ್ಡ್‌ಬರ್ಗ್ ಮತ್ತು ಹಿಂಡೆ ಪ್ಟೆರಿಯೋಲಿಡಿಯ ಎಂಬ ಇನ್ನೊಂದು ನುಡಿಬ್ರಾಂಕ್‌ನಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಪಾಚಿಗಳು ಬೆಳಕಿನಲ್ಲಿ ಹೊಸದಾಗಿ ಕಟ್ಟಿದ ಇಂಗಾಲ ಹುಳುವಿನ ಅಂಗಾಂಶಗಳಿಗೆ ಸಾಗುವುದನ್ನು ತೋರಿಸಿದರು. ಊಟ ಹಂಚಿಕೆಯಾಗುತ್ತಿತ್ತು.

ಪ್ರಾಣಿಯನ್ನು ಕೊಲ್ಲದೆ ಅಳೆಯುವ ವಿಧಾನ ಆಮೇಲೆ ಬಂತು. ಪತ್ರಹರಿತ್ತು ತಾನು ಹೀರಿದ ಬೆಳಕಿನ ಒಂದು ಸಣ್ಣ ಭಾಗವನ್ನು ಕೆಂಪು ಪ್ರತಿದೀಪ್ತಿಯಾಗಿ ಹೊರಬಿಡುತ್ತದೆ. ದ್ಯುತಿಸಂಶ್ಲೇಷಣೆ ಚೆನ್ನಾಗಿ ನಡೆಯುತ್ತಿದ್ದರೆ ಈ ನಷ್ಟ ಕಡಿಮೆ. ಕ್ಷಣಕಾಲ ತೀವ್ರ ಬೆಳಕು ಹಾಯಿಸಿದರೆ ಕ್ರಿಯಾಕೇಂದ್ರಗಳೆಲ್ಲ ಭರ್ತಿಯಾಗಿ ಪ್ರತಿದೀಪ್ತಿ ಏರುತ್ತದೆ. ಮೊದಲಿನ ಮಟ್ಟಕ್ಕೂ ಏರಿದ ಮಟ್ಟಕ್ಕೂ ಇರುವ ಅಂತರದಿಂದ ಯಂತ್ರ ಸುಸ್ಥಿತಿಯಲ್ಲಿದೆಯೇ ಎಂದು ಲೆಕ್ಕ ಹಾಕಬಹುದು. ಸತ್ತ ಪಾಚಿ ಏರಿಕೆಯನ್ನು ತೋರಿಸುವುದಿಲ್ಲ. 2001ರಿಂದಾಚೆಗೆ ವೇಗೆಲೆ, ಯಾನ್‌ಸೆನ್, ಬುರ್ಗಾರ್ಟ್ ಮೊದಲಾದವರು ಈ ವಿಧಾನವನ್ನು ಕಡಲ ಬಸವನಹುಳುಗಳಿಗೆ ಅನ್ವಯಿಸಿದರು. ಹವಳವಿಲ್ಲದೆ ಉಪವಾಸ ಇಟ್ಟ ಫಿಲೊಡೆಸ್ಮಿಯಂಗಳಲ್ಲೂ ಪಾಚಿಗಳು ಕೆಲಸ ಮಾಡುತ್ತಲೇ ಇದ್ದವು.

ಇಲ್ಲಿ ಒಂದು ಎಚ್ಚರಿಕೆ. ಎಲಿಸಿಯ ಎಂಬ ಹಸಿರು ಹುಳುವನ್ನೂ ‘ಸೌರಶಕ್ತಿ’ಯದು ಎನ್ನುವುದುಂಟು. ಅದು ಇಡೀ ಪಾಚಿಕೋಶವನ್ನು ಸಾಕುವುದಿಲ್ಲ, ಪಾಚಿಯ ಕ್ಲೋರೋಪ್ಲಾಸ್ಟ್‌ಗಳನ್ನಷ್ಟೇ ಕದಿಯುತ್ತದೆ. ಎಲಿಸಿಯದೊಳಗಿನ ಹಸಿರು ಕಣಗಳು ಕ್ಲೋರೋಪ್ಲಾಸ್ಟ್‌ಗಳೇ ಎಂದು 1965ರಲ್ಲಿ ಜಪಾನಿನ ಕವಗುತಿ ಮತ್ತು ಯಮಸು ತೋರಿಸಿದರು. ಆದರೆ 2014ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಇಂಥ ಹುಳುಗಳು ಬೆಳಕಿನ ಊಟವಿಲ್ಲದೆಯೂ ತಿಂಗಳುಗಟ್ಟಲೆ ಬದುಕಿದವು. ‘ಅರ್ಧ ಗಿಡ, ಅರ್ಧ ಪ್ರಾಣಿ’ ಎಂಬ ಪತ್ರಿಕೆಗಳ ಮಾತನ್ನು ತರಗತಿಯಲ್ಲಿ ಹೇಳುವ ಮುನ್ನ ಯಾವ ಹುಳು, ಯಾವ ಬಗೆ ಎಂದು ಕೇಳಿಕೊಳ್ಳುವುದು ಲೇಸು.

ಹೆಸರು ಬದಲಾದ ಪಟ್ಟಿಗಳು

ನಮ್ಮ ಕಡಲಿನ ಸ್ಥಿತಿ ಹೇಗಿದೆ? 2009ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀಪಕ್ ಆಪ್ಟೆ ಲಕ್ಷದ್ವೀಪದ ಬಗ್ಗೆ ಪ್ರಕಟಿಸಿದ ಲೇಖನವೊಂದರಲ್ಲೇ ಭಾರತಕ್ಕೆ ಹೊಸದಾದ 40 ದಾಖಲೆಗಳಿದ್ದವು. ನೋಡಿದರೆ ಸಿಗುತ್ತವೆ ಎಂಬುದು ಇದರಿಂದ ಸ್ಪಷ್ಟ.

ಸಿಕ್ಕ ಮೇಲೂ ಹೆಸರು ನಿಲ್ಲುವುದಿಲ್ಲ. ಮೇಲೆ ಹೇಳಿದ ಪ್ಟೆರಿಯೋಲಿಡಿಯಕ್ಕೆ 1864ರಲ್ಲಿ, ಅಂದರೆ ಕಳಿಂಗದ ವರ್ಷದಲ್ಲೇ, ಸಿಡ್ನಿಯಲ್ಲಿ ಸಿಕ್ಕ ಮಾದರಿಯಿಂದ ಇಯಾಂತಿನ ಎಂಬ ಪ್ರಭೇದನಾಮ ಬಂದಿತ್ತು. ನೂರೈವತ್ತು ವರ್ಷ ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೆ ಸಿಕ್ಕ ನೀಲಿ ಹುಳುಗಳೆಲ್ಲ ಆ ಹೆಸರನ್ನೇ ಹೊತ್ತವು, ಭಾರತದ ಪಟ್ಟಿಗಳಲ್ಲಿಯೂ. 2015ರಲ್ಲಿ ವಿಲ್ಸನ್ ಮತ್ತು ಬುರ್ಗಾರ್ಟ್ ಡಿಎನ್‌ಎ ಹೋಲಿಸಿ ಇದು ಒಂದು ಪ್ರಭೇದವಲ್ಲವೆಂದರು. ಇಯಾಂತಿನ ಆಸ್ಟ್ರೇಲಿಯದ ತಂಪು ಕರಾವಳಿಯದು. ಉಷ್ಣವಲಯದವಕ್ಕೆ ಬರ್ಗ್ 1870ರಲ್ಲಿ ಇಟ್ಟಿದ್ದ ಸೆಂಪರಿ ಎಂಬ ಹೆಸರನ್ನು ಮತ್ತೆ ಎತ್ತಿಕೊಳ್ಳಲಾಯಿತು. ನಮ್ಮ ಹಳೆಯ ಪಟ್ಟಿಗಳಲ್ಲಿ ಇಯಾಂತಿನ ಎಂದಿರುವ ಕಡೆಯೆಲ್ಲ ಮತ್ತೆ ನೋಡಬೇಕಾಗಿದೆ. ಹಿಂದಿನವರು ಚಿತ್ರವನ್ನೋ ಫೋಟೋವನ್ನೋ ಬಿಟ್ಟುಹೋಗಿದ್ದರೆ ನೋಡಲು ಏನಾದರೂ ಇರುತ್ತದೆ. ಹೆಸರನ್ನಷ್ಟೇ ಬರೆದಿದ್ದರೆ ಏನೂ ಇಲ್ಲ.

ಕರ್ನಾಟಕದಲ್ಲಿ ಹವಳಗಳನ್ನು ನೋಡಲು ಹೋಗುವ ಜಾಗ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ. ಅಲ್ಲಿಗೋ ಲಕ್ಷದ್ವೀಪಕ್ಕೋ ಹೋಗುವ ವಿದ್ಯಾರ್ಥಿ ನಿಮ್ಮಲ್ಲಿದ್ದರೆ ಹೀಗೆ ಹೇಳಿ. ಮೃದು ಹವಳದ ಪ್ರತಿ ಪಾಲಿಪ್‌ಗೂ ಎಂಟು ಕೈಗಳು, ಪ್ರತಿ ಕೈಯ ಎರಡೂ ಬದಿ ಗರಿಯಂತೆ ಸೀಳು. ಹಾಗಿಲ್ಲದ ‘ಪಾಲಿಪ್’ ಕಂಡರೆ ಅಲ್ಲೇ ನಿಲ್ಲಬೇಕು. ನೀರನ್ನು ಮೆಲ್ಲಗೆ ಬೀಸಿದರೆ ನಿಜವಾದ ಪಾಲಿಪ್‌ಗಳಲ್ಲಿ ಹಲವು ಮುದುಡಿಕೊಳ್ಳುತ್ತವೆ. ಸೆರಾಟಾ ಓಲಾಡುತ್ತವೆ ಅಷ್ಟೆ. ಹತ್ತಿರದಲ್ಲಿ ಬಿಳಿಯ ದಾರ ಸುತ್ತಿಟ್ಟಂಥ ಮೊಟ್ಟೆಯ ಸುರುಳಿ ಇದೆಯೇ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೊಂಬು ಹುಡುಕಬೇಕು. ಹವಳಕ್ಕೆ ತಲೆಯಿಲ್ಲ, ಹುಳುವಿಗೆ ಇದೆ. ತಲೆಯ ಮೇಲೆ ವಾಸನೆ ಹಿಡಿಯುವ ಒಂದು ಜೊತೆ ಕೊಂಬುಗಳನ್ನು ಎಂಥ ವೇಷದಲ್ಲೂ ಅದು ಪೂರ್ತಿ ಮರೆಮಾಡಲಾರದು. ಕೊಂಬು ನೋಡಿಯೇ ಅದಕ್ಕೆ ಬಸವನ ಹೆಸರಿಟ್ಟ ನಮ್ಮ ಹಿರಿಯರು ಗುರುತಿನ ಲಕ್ಷಣವನ್ನು ಹೆಸರಿನಲ್ಲೇ ಇಟ್ಟಿದ್ದಾರೆ.

ಕಂಡದ್ದನ್ನು ಮುರಿದು ತರುವುದು ಬೇಡ. ಗಟ್ಟಿ ಹವಳಗಳೂ ಸಮುದ್ರ ಬೀಸಣಿಗೆಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ತರಬೇಕಾದದ್ದು ಹುಳುವಿನ ಫೋಟೋ, ಅದು ಕುಳಿತಿದ್ದ ಹವಳದ ಹತ್ತಿರದ ಫೋಟೋ, ಆಳ, ತಾರೀಖು, ಜಾಗ. ಚಿತ್ರ ತೆಗೆದವರ ಹೆಸರನ್ನೂ ಬರೆಸಿ.